ಗುರುತಿಲ್ಲದವರ ಜೊತೆ ಗುಡ್ಡ ಹತ್ತುವುದು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಯಾರ ಜೊತೆ ಸುತ್ತಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಗಂಡಸರಿಗೆ ಆ ಪ್ರಶ್ನೆ ಏಳಲೇ ಇಲ್ಲ. ಹೆಂಗಸರಿಗೆ ಉತ್ತರ ಮೊದಲೇ ಸಿದ್ಧವಾಗಿತ್ತು: ಅಪ್ಪ, ಅಣ್ಣ, ಗಂಡ, ಇಲ್ಲವೇ ಮಗ. ಈ ನಾಲ್ವರಿಗೂ ಬಿಡುವಿಲ್ಲದಿದ್ದರೆ ಬೆಟ್ಟ ಬೆಟ್ಟದ ಪಾಡಿಗೆ, ನಾವು ನಮ್ಮ ಒಲೆಯ ಪಾಡಿಗೆ.

ಈಗಿನ ಹೆಣ್ಣುಮಕ್ಕಳು ಆ ನಾಲ್ವರಿಗಾಗಿ ಕಾಯುವುದಿಲ್ಲ. ಮೊಬೈಲಿನಲ್ಲಿ ಒಂದು ಪ್ರಕಟಣೆ ನೋಡುತ್ತಾರೆ, ಹಣ ಕಟ್ಟುತ್ತಾರೆ, ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಟೆಂಪೋ ಟ್ರಾವೆಲರ್ ಹತ್ತುತ್ತಾರೆ. ಒಳಗೆ ಕೂತವರಲ್ಲಿ ಒಬ್ಬರ ಮುಖವನ್ನೂ ಹಿಂದೆ ಕಂಡಿರುವುದಿಲ್ಲ. ಬೆಳಗಾಗುವಾಗ ಕುಕ್ಕೆಯಲ್ಲೋ ಚಿಕ್ಕಮಗಳೂರಿನಲ್ಲೋ ಇಳಿದು ಬೆಟ್ಟದ ದಾರಿ ಹಿಡಿಯುತ್ತಾರೆ. “ಗುರುತು ಪರಿಚಯವಿಲ್ಲದವರ ಜೊತೆ ಕಾಡಿಗೆ ಹೋಗುವುದೇ?” ಎಂದು ತಾಯಂದಿರು ಗಾಬರಿಯಾಗುತ್ತಾರೆ.

ಈ ಆಕ್ಷೇಪವನ್ನು ಸ್ವಲ್ಪ ಪರಿಶೀಲಿಸಬೇಕು. ಪರಿಚಯವಿದ್ದರೆ ಕ್ಷೇಮ ಎಂಬ ನಂಬಿಕೆ ಅದರ ಬುಡದಲ್ಲಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸುವ ಅಂಕಿ ಅಂಶಗಳು ಬೇರೆಯೇ ಹೇಳುತ್ತವೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಆ ಹೆಣ್ಣಿಗೆ ಗೊತ್ತಿದ್ದವನೇ. ಹಾಗೆಂದು ಅಪರಿಚಿತರೆಲ್ಲ ಸಜ್ಜನರಾಗಿಬಿಡುವುದಿಲ್ಲ. ಪರಿಚಯವೊಂದನ್ನೇ ಕಾವಲೆಂದು ನಂಬಿ ಕೂರಲಾಗದು, ಅಷ್ಟೆ.

ಅಪರಿಚಿತರ ಜೊತೆ ನಡೆಯುವುದು ನಮಗೆ ಹೊಸದೂ ಅಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ಪಕ್ಕದವರ ಊರು ಕೇಳುವುದು ಅರ್ಧ ದಾರಿ ಕಳೆದ ಮೇಲೆ. 2020ರಿಂದ ನಿಂತಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರಲ್ಲಿ ಮತ್ತೆ ಆರಂಭವಾಯಿತು. ಅಲ್ಲಿ ಅರ್ಜಿಯೂ ಕಂಪ್ಯೂಟರಿನಲ್ಲೇ, ಚೀಟಿ ಎತ್ತುವುದೂ ಕಂಪ್ಯೂಟರೇ. ಬೇರೆ ಬೇರೆ ರಾಜ್ಯಗಳ 50 ಮಂದಿಯ ಒಂದೊಂದು ತಂಡ. ಆದರೆ ಹೊರಡುವ ಮುನ್ನ ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆಯಿದೆ. ಲಿಪುಲೇಖ್ ದಾರಿಯವರಿಗೆ ಗುಂಜಿಯಲ್ಲಿ ಇನ್ನೊಂದಿದೆ. ಅದರಲ್ಲಿ ತೇರ್ಗಡೆಯಾಗದವರು ಅಲ್ಲಿಂದಲೇ ಹಿಂದಿರುಗಬೇಕು. ತಂಡಕ್ಕೆ ಜವಾಬ್ದಾರನಾದ ಒಬ್ಬ ಅಧಿಕಾರಿಯೂ ಜೊತೆಗಿರುತ್ತಾನೆ.

ಎಷ್ಟೋ ಮೊಬೈಲ್ ಗುಂಪುಗಳಲ್ಲಿ ನನಗೆ ಕಾಣುವ ಕೊರತೆ ಇದೇ. ಹಣ ತೆಗೆದುಕೊಳ್ಳಲು ಒಬ್ಬರಿರುತ್ತಾರೆ, ಹೊಣೆ ಹೊರಲು ಯಾರೂ ಇರುವುದಿಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳನ್ನು ನೀವೂ ನೋಡಿರಬಹುದು. ಅದು 1712 ಮೀಟರ್ ಎತ್ತರದ ಕಠಿಣ ಬೆಟ್ಟ. ಅಂದು ಜಾತ್ರೆಯ ಬೀದಿಯಂತಿತ್ತು. ಆನ್‌ಲೈನ್ ಟಿಕೆಟ್ ವ್ಯವಸ್ಥೆ ಬರುವವರೆಗೆ ಅರಣ್ಯ ಇಲಾಖೆ ಅಂಥ ಚಾರಣಗಳನ್ನು ನಿಲ್ಲಿಸಬೇಕಾಯಿತು. ಸಂಗಡಿಗರನ್ನು ಕೂಡಿಸುವುದು ಸುಲಭವಾದಷ್ಟೂ ಬೆಟ್ಟದ ಮೇಲೆ ಭಾರ ಹೆಚ್ಚುತ್ತದೆ ಎಂಬುದನ್ನು ಈ ಗುಂಪುಗಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಅದೇ ವರ್ಷ ಜೂನ್ ತಿಂಗಳಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ 9 ಚಾರಣಿಗರು ತೀರಿಕೊಂಡರು. ಅವರಲ್ಲಿ ಹೆಂಗಸರೂ ಇದ್ದರು, ಬೆಟ್ಟ ಹತ್ತಿ ಪಳಗಿದವರೂ ಇದ್ದರು. ಅನುಭವವಿದ್ದವರ ಗತಿಯೇ ಹೀಗಾಗಬಹುದಾದರೆ, ಶೂ ಕೊಂಡು ವಾರವಾಗದವರನ್ನು ಕಲೆಹಾಕಿ ಕರೆದೊಯ್ಯುವವರಿಗೆ ಎಷ್ಟು ಎಚ್ಚರವಿರಬೇಕು!

ತೇನ್‌ಸಿಂಗ್ ಮತ್ತು ಹಿಲರಿ 1953ರ ಎವರೆಸ್ಟ್ ತಂಡಕ್ಕೆ ಸೇರುವ ತನಕ ಒಬ್ಬರಿಗೊಬ್ಬರು ಪರಿಚಿತರಲ್ಲ. ಕೆಳಗಿನ ಹಿಮಪಾತದ ಹಾದಿಯಲ್ಲಿ ಹಿಲರಿ ಬಿರುಕಿನೊಳಗೆ ಬಿದ್ದಾಗ ತೇನ್‌ಸಿಂಗ್ ಹಗ್ಗ ಬಿಗಿಹಿಡಿದು ಉಳಿಸಿದರು. ಮೇ 29ರಂದು ಇಬ್ಬರೂ ಒಟ್ಟಿಗೆ ಶಿಖರ ಮುಟ್ಟಿದರು. ಅವರ ಸ್ನೇಹಕ್ಕೆ ಜಾತಕ, ಗೋತ್ರ, ಊರು ಯಾವುದೂ ಬೇಕಾಗಲಿಲ್ಲ. ಒಬ್ಬನ ಸೊಂಟದ ಹಗ್ಗ ಇನ್ನೊಬ್ಬನ ಕೈಯಲ್ಲಿತ್ತು, ಹಿಡಿಯಲು ಅವನಿಗೆ ಗೊತ್ತಿತ್ತು.

ಆದ್ದರಿಂದ ಮಗಳು ಚೀಲ ಕಟ್ಟಿದಾಗ ಬೇಡವೆನ್ನಬೇಡಿ, ನಾಲ್ಕು ಪ್ರಶ್ನೆ ಕೇಳಿ. ನಾಯಕ ಯಾರು, ಆ ಬೆಟ್ಟವನ್ನು ಹಿಂದೆ ಹತ್ತಿದ್ದಾನೆಯೇ? ಅರಣ್ಯ ಇಲಾಖೆಯ ಟಿಕೆಟ್ ಆಗಿದೆಯೇ? ಮಳೆ ಬಂದರೆ ಅರ್ಧಕ್ಕೇ ಹಿಂದಿರುಗುತ್ತಾರೆಯೇ? ಕಾಲು ಉಳುಕಿ ಹಿಂದೆ ಬಿದ್ದವಳ ಜೊತೆ ಯಾರು ಉಳಿಯುತ್ತಾರೆ? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಗುಂಪಿನಲ್ಲಿ ಸ್ವಂತ ಅಣ್ಣನೇ ಇದ್ದರೂ ಹೋಗಬೇಕಾಗಿಲ್ಲ.