ಹಿಗ್ಗಿಸಿದರಷ್ಟೇ ಕಾಣುವ ಬಂಡೆ

2014ರ ನವೆಂಬರ್ 29. ಹಿಂದೂ ಮಹಾಸಾಗರದ ಮೇಲೆ ಆಗಷ್ಟೇ ಕತ್ತಲು ಇಳಿದಿತ್ತು. ಮಾರಿಷಸ್‌ನ ಈಶಾನ್ಯಕ್ಕೆ ಸುಮಾರು 430 ಕಿಲೋಮೀಟರ್ ದೂರದಲ್ಲಿ ‘ವೆಸ್ಟಾಸ್ ವಿಂಡ್’ ಎಂಬ 65 ಅಡಿ ಉದ್ದದ ರೇಸಿಂಗ್ ಯಾಟ್ ಬರೀ ಹಾಯಿಯ ಬಲದಲ್ಲಿ 19 ನಾಟ್, ಅಂದರೆ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಓಡುತ್ತಿತ್ತು. ಕೇಪ್‌ಟೌನ್‌ನಿಂದ ಅಬುಧಾಬಿಗೆ ಹೊರಟ ವೋಲ್ವೊ ಓಷನ್ ರೇಸ್‌ನ ಎರಡನೇ ಹಂತ ಅದು. ಯಾಟ್ ನೆಟ್ಟಗೆ ಹೋಗಿ ಕಾರ್ಗಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ಬಡಿಯಿತು. ಹಡಗಿನಲ್ಲೇ ಇದ್ದ ವರದಿಗಾರ ತೆಗೆದ ವೀಡಿಯೊವನ್ನು ಹಲವು ಸಲ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ತೊಳಸಿದಂತಾಗುತ್ತದೆ. ಅಪಘಾತ ನೋಡಿಯಲ್ಲ, ಅದಕ್ಕೆ ಹಿಂದಿನ ಕ್ಷಣದವರೆಗೂ ಅಲ್ಲಿದ್ದವರ ನೆಮ್ಮದಿ ನೋಡಿ.

ಮರುವರ್ಷ ಮಾರ್ಚ್‌ನಲ್ಲಿ ಸ್ವತಂತ್ರ ತನಿಖೆಯ ವರದಿ ಬಂತು. ಬರೆದವರು ಮೂವರು: ಆಸ್ಟ್ರೇಲಿಯಾ ನೌಕಾಪಡೆಯ ನಿವೃತ್ತ ರಿಯರ್ ಅಡ್ಮಿರಲ್ ಕ್ರಿಸ್ ಆಕ್ಸೆನ್‌ಬೋಲ್ಡ್, ಇದೇ ರೇಸನ್ನು ಹಿಂದೊಮ್ಮೆ ಗೆದ್ದ ಹಡಗಿನ ನ್ಯಾವಿಗೇಟರ್ ಸ್ಟ್ಯಾನ್ ಹನಿ, ಸಾಗರ ಸುರಕ್ಷತೆಯ ಪಳಗಿದ ಕೈ ಚಕ್ ಹಾಲೀ. ಯಾಟ್ ಹತ್ತುವ ಆಸೆ ಯಾರಿಗಿದ್ದರೂ ಮೊದಲು ಓದಬೇಕಾದದ್ದು ಗಂಟು ಹಾಕುವುದನ್ನು ಕಲಿಸುವ ಕೈಪಿಡಿಯಲ್ಲ, ಈ ವರದಿ ಎಂಬುದು ನನ್ನ ಅಭಿಪ್ರಾಯ. ಸರ್ಕಾರಿ ವರದಿಗಳ ಒಣ ಭಾಷೆ ಇದರಲ್ಲೂ ಉಂಟು. ಆದರೆ ಒಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಜಾಯಮಾನ ಇಲ್ಲ.

ವರದಿ ಹೇಳುವುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಚಂಡಮಾರುತದ ಭಯಕ್ಕೆ ಆಯೋಜಕರು ರೇಸ್ ಶುರುವಾಗುವ ಹೊತ್ತಿಗೆ ನಿಷೇಧಿತ ವಲಯದ ಗೆರೆಯನ್ನು ಬದಲಿಸಿದರು. ಅಲ್ಲಿಯವರೆಗೆ ಯಾರೂ ಹೋಗಬೇಕಿಲ್ಲದಿದ್ದ ನೀರು ದಾರಿಯಾಯಿತು. ವೆಸ್ಟಾಸ್ ತಂಡವೋ ಏಳು ತಂಡಗಳಲ್ಲಿ ಕೊನೆಗೆ ಸೇರಿದ್ದು, ತಯಾರಿಗೆ ಸಿಕ್ಕ ಸಮಯ ಅಷ್ಟಕ್ಕಷ್ಟೆ. ನ್ಯಾವಿಗೇಟರ್ ವೌಟರ್ ವರ್ಬ್ರಾಕ್ ಮಲಗುವ ಮೊದಲು ಎಲೆಕ್ಟ್ರಾನಿಕ್ ನಕ್ಷೆ ನೋಡಿದ್ದರು. ಅವರ ಕಣ್ಣಿಗೆ ಬಿದ್ದದ್ದು 42 ಮೀಟರ್, 80 ಮೀಟರ್ ಎಂಬ ಆಳದ ಅಂಕಿಗಳು. ನೀರೊಳಗಿನ ಗುಡ್ಡ ಇರಬೇಕು, ಅಲೆ ಸ್ವಲ್ಪ ಬದಲಾದೀತು ಅಂದುಕೊಂಡರು. ಸ್ಕಿಪ್ಪರ್ ಕ್ರಿಸ್ ನಿಕೋಲ್ಸನ್‌ಗೂ ಅದೇ ತಿಳಿಸಿದರು. 42 ಮೀಟರ್ ಆಳದ ನೀರಿನಲ್ಲಿ ಯಾವ ಯಾಟಿಗೂ ತಳ ತಾಗುವುದಿಲ್ಲ.

ಉತ್ತರ ದಕ್ಷಿಣ ಸುಮಾರು 50 ಕಿಲೋಮೀಟರ್ ಉದ್ದ ಚಾಚಿಕೊಂಡ ದಿಬ್ಬ ಹಾಗಾದರೆ ಎಲ್ಲಿ ಹೋಯಿತು? ಅದು ನಕ್ಷೆಯಲ್ಲೇ ಇತ್ತು. ಹಿಗ್ಗಿಸಿದರೆ ಕಾಣುತ್ತಿತ್ತು, ಕುಗ್ಗಿಸಿದರೆ ಮಾಯವಾಗುತ್ತಿತ್ತು. ಕಾಗದದ ನಕ್ಷೆಯಲ್ಲಿ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂದು ಒಬ್ಬ ನಕ್ಷೆಗಾರ ಕೂತು ಯೋಚಿಸಿರುತ್ತಾನೆ. ಜಾಗ ಎಷ್ಟೇ ಕಡಿಮೆ ಇರಲಿ, ಹಡಗು ಒಡೆಯುವ ಬಂಡೆಗೆ ಒಂದು ಗುರುತು ಹಾಕದೆ ಬಿಡುವುದಿಲ್ಲ. ಪರದೆಯ ಮೇಲಿನ ವೆಕ್ಟರ್ ನಕ್ಷೆ ಹಾಗಲ್ಲ, ಅದು ಪದರ ಪದರವಾಗಿ ತುಂಬಿಟ್ಟ ಮಾಹಿತಿ. ಯಾವ ಅಳತೆಗೆ ಯಾವ ಪದರ ತೋರಿಸಬೇಕೆಂಬುದು ಮೊದಲೇ ಬರೆದಿಟ್ಟ ನಿಯಮ. ಪರದೆ ಗಿಜಿಗುಡಬಾರದೆಂದು ಅದು ವಿವರ ಕಳಚುತ್ತಾ ಹೋಗುತ್ತದೆ. ಇದನ್ನು ನಂಬದವರು ಮೊಬೈಲಿನ ಮ್ಯಾಪಿನಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಹುಡುಕಿ, ಎರಡು ಬೆರಳಿನಿಂದ ಚಿವುಟುತ್ತಾ ಬನ್ನಿ. ಒಂದು ಹಂತದಲ್ಲಿ ದ್ವೀಪ ಹೋಗಿ ಬರೀ ನೀಲಿ ಉಳಿಯುತ್ತದೆ. ನಾನು ಮಾಡಿ ನೋಡಿದೆ. ಎಷ್ಟು ಸಲೀಸಾಗಿ ಹೋಯಿತೆಂದರೆ, ಹೋದದ್ದೇ ಗೊತ್ತಾಗಲಿಲ್ಲ.

ವರದಿ ಈ ನಕ್ಷೆಯ ದೋಷವನ್ನೂ, ಅದನ್ನು ಬಳಸಿದವರ ದೋಷವನ್ನೂ ಅಕ್ಕಪಕ್ಕದಲ್ಲೇ ಇಡುತ್ತದೆ. ನ್ಯಾಯವೇ. ಆದರೆ ಯಾಟ್ ಜಗತ್ತು ಅದರಿಂದ ಎತ್ತಿಕೊಂಡದ್ದು ಮಾತ್ರ ‘ಝೂಮ್ ಮಾಡಿ ನೋಡಿ’ ಎಂಬ ಒಂದೇ ಮಾತನ್ನು. ಪರದೆ ಹಿಗ್ಗಿಸಲು ಬಾರದವರು ಆ ಹಡಗಿನಲ್ಲಿ ಯಾರಿದ್ದರು? ಅದೇ ರೇಸಿನಲ್ಲಿದ್ದ ‘ಡಾಂಗ್‌ಫೆಂಗ್’ ಹಡಗಿನ ಸ್ಕಿಪ್ಪರ್ ಷಾರ್ಲ್ ಕೋದ್ರೆಲಿಯೆ, ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಈ ದಿಬ್ಬ ಹುಡುಕುವುದು ತಮಗೂ ಕಷ್ಟವಾಯಿತು ಎಂದು ಬಾಯಿಬಿಟ್ಟು ಹೇಳಿದ್ದರು. ಅಂದರೆ ಅಲ್ಲಿ ಎರಡನೆಯ ಜೋಡಿ ಕಣ್ಣು ನಕ್ಷೆಯ ಮೇಲೆ ಬಿದ್ದಿತ್ತು. ವೆಸ್ಟಾಸ್‌ನಲ್ಲಿ ಒಂಬತ್ತು ಜನರಿದ್ದರೂ ನಕ್ಷೆಯನ್ನು ನಿಜವಾಗಿ ಓದಿದವನು ಒಬ್ಬನೇ. ಉಳಿದವರಿಗೆ ತಲುಪಿದ್ದು ಅವನು ಓದಿ ಹೇಳಿದ್ದು. ಬಡಿದ ಹೊತ್ತಿನಲ್ಲಿ ಅವನು ನಿದ್ದೆಯ ಪಾಳಿಯಲ್ಲಿದ್ದ.

ಇನ್ನು ಬಡಿದ ಮೇಲಿನ ಕಥೆ. ಇಲ್ಲಿ ಅದೇ ಜನ ಬೇರೆಯೇ ಮನುಷ್ಯರಾಗುತ್ತಾರೆ. ಚುಕ್ಕಾಣಿಗಳು ಮುರಿದಿವೆ, ಅಲೆ ಮೇಲಿಂದ ಮೇಲೆ ಅಪ್ಪಳಿಸುತ್ತಿದೆ, ದಿಬ್ಬ ಹಡಗಿನ ಹಿಂಭಾಗವನ್ನು ತಿನ್ನುತ್ತಿದೆ. ನಿಕೋಲ್ಸನ್ ಯಾರನ್ನೂ ತಕ್ಷಣ ಲೈಫ್‌ರಾಫ್ಟಿಗೆ ಇಳಿಸಲಿಲ್ಲ. ಬೆಳಕು ಹರಿಯುವವರೆಗೆ ಕಾಯುವುದೆಂದು ಲೆಕ್ಕ ಹಾಕಿದರು. ಹಡಗು ಅಷ್ಟು ಹೊತ್ತು ತಾಳುವುದಿಲ್ಲ ಎಂದು ಖಚಿತವಾದಾಗಲೇ ಇಳಿಯಲು ಹೇಳಿದರು. ಮೊಣಕಾಲುದ್ದ ನೀರಿನಲ್ಲಿ ನಡೆದು ದಿಬ್ಬದ ಒಣ ಜಾಗ ಸೇರಿದರು. ಎದುರಾಳಿ ಹಡಗು ‘ಆಲ್ವಿಮೆಡಿಕಾ’ ರೇಸ್ ಬಿಟ್ಟು ಬಂದು ಆಳದ ನೀರಿನಲ್ಲಿ ಕಾವಲು ನಿಂತಿತು. ಬೆಳಗಾಗುತ್ತಲೇ ಹತ್ತಿರದ ಪುಟ್ಟ ದ್ವೀಪದಿಂದ ದೋಣಿ ಬಂತು. ಒಂಬತ್ತು ಜನರಲ್ಲಿ ಒಬ್ಬರಿಗೂ ದೊಡ್ಡ ಗಾಯವಿಲ್ಲ.

ಈ ಸಂಯಮ ತಾನಾಗಿ ಬಂದದ್ದಲ್ಲ, ಅದಕ್ಕೆ ತೆತ್ತ ಬೆಲೆ ದೊಡ್ಡದು. 1979ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಕೌಸ್‌ನಿಂದ ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆ ಸುತ್ತಿ ಬರುವ ರೇಸಿಗೆ 303 ಯಾಟುಗಳು ಹೊರಟಿದ್ದವು. ನಡುವೆ ಬಿರುಗಾಳಿ ಹಿಡಿಯಿತು. 15 ಸ್ಪರ್ಧಿಗಳು ಸತ್ತರು. ಜನ 24 ಯಾಟುಗಳನ್ನು ಬಿಟ್ಟು ಹೋದರು, ಆದರೆ ಮುಳುಗಿದ್ದು 5 ಮಾತ್ರ. ಸತ್ತವರಲ್ಲಿ ಏಳು ಮಂದಿ ಲೈಫ್‌ರಾಫ್ಟಿನ ಸಂಬಂಧದ ಅವಘಡಗಳಲ್ಲಿ ಹೋದರು. ಅವರು ಬಿಟ್ಟು ಬಂದ ಯಾಟುಗಳು ಆಮೇಲೆ ತೇಲುತ್ತಲೇ ಸಿಕ್ಕವು. ರಾಫ್ಟಿಗೆ ಹತ್ತುವುದಾದರೆ ಮೇಲಕ್ಕೆ ಕಾಲಿಟ್ಟು ಹತ್ತಬೇಕು, ಅಂದರೆ ಹಡಗು ಕಾಲಡಿ ಮುಳುಗುವವರೆಗೂ ಬಿಡಬಾರದು ಎಂಬ ಪಾಠ ಯಾಟಿನವರ ಮೈಗೆ ಹತ್ತಿದ್ದು ಹೀಗೆ.

ನನ್ನ ತಕರಾರು ಇರುವುದೇ ಇಲ್ಲಿ. ಫಾಸ್ಟ್‌ನೆಟ್ ಆದ ಮೇಲೆ ಯಾಟ್ ತರಬೇತಿ ಅಪಾಯದ ನಡುವೆ ಬದುಕುಳಿಯುವುದನ್ನು ಬಹಳ ಚೆನ್ನಾಗಿ ಕಲಿಸಿತು. ಈಜುಕೊಳದಲ್ಲಿ ಲೈಫ್‌ಜಾಕೆಟ್ ಉಬ್ಬಿಸುತ್ತಾರೆ, ಮಗುಚಿದ ರಾಫ್ಟನ್ನು ಎತ್ತಿ ನೆಟ್ಟಗೆ ಮಾಡುತ್ತಾರೆ, ಫ್ಲೇರ್ ಹಚ್ಚುತ್ತಾರೆ, ಹಾರ್ನೆಸ್‌ನ ಕೊಕ್ಕೆ ಎಲ್ಲಿ ಸಿಕ್ಕಿಸಬೇಕೆಂದು ತೋರಿಸುತ್ತಾರೆ. ಎಲ್ಲ ಬೇಕಾದ್ದೇ. ಫೋಟೊಗೂ ಚೆನ್ನಾಗಿರುತ್ತದೆ. ಅಪಾಯದ ಹತ್ತಿರ ಸುಳಿಯದಂತೆ ನೋಡಿಕೊಳ್ಳುವ ವಿದ್ಯೆಗೆ ಫೋಟೊ ಇಲ್ಲ. ಹೊರಡುವ ಮುನ್ನ ದಾರಿಯುದ್ದಕ್ಕೂ ನಕ್ಷೆಯನ್ನು ಹಿಗ್ಗಿಸಿ ಇಂಚಿಂಚು ಸರಿಸುವುದು, ಕಡಲ ದಾರಿಯ ವಿವರ ಕೊಡುವ ಪೈಲಟ್ ಪುಸ್ತಕ ತೆಗೆದು ಆ ಪ್ರದೇಶದ ಪುಟ ಓದುವುದು, ಅನುಮಾನದ ಜಾಗಕ್ಕೆ ಸುತ್ತು ಹಾಕಿ ಇನ್ನೊಬ್ಬನ ಕೈಗೆ ಕೊಟ್ಟು ‘ನೀನೂ ಒಮ್ಮೆ ನೋಡು’ ಅನ್ನುವುದು. ಇದು ಗುಮಾಸ್ತೆ ಕೆಲಸ. ಹಾಯಿ ಹಗ್ಗ ಎಳೆಯುವ ಹುಡುಗರಿಗೆ ಇದನ್ನು ಕಲಿಸುವುದು ತೀರಾ ಕಡಿಮೆ, ಅದು ನ್ಯಾವಿಗೇಟರ್ ಪಾಲಿನದು. ಹಗ್ಗ ಎಳೆಯುವವನಿಗೆ ನಕ್ಷೆ ಓದಲು ಬಂದಿದ್ದರೆ, ಸಾಗರದ ನಟ್ಟನಡುವೆ 42 ಮೀಟರ್ ಎಂಬ ಅಂಕಿ ಕಂಡಾಗಲೇ, ‘ಸುತ್ತ ಇಷ್ಟು ಆಳ, ಇಲ್ಲಿ ಮಾತ್ರ ಹೀಗೇಕೆ?’ ಎಂದು ಕೇಳುತ್ತಿದ್ದನೇನೋ.

ಇತ್ತ ಕಾಗದ ಕಾಲ ಮುಗಿಸುತ್ತಿದೆ. ಕಡಲ ನಕ್ಷೆ ತಯಾರಿಸುವ ಅಮೆರಿಕದ ನೋವಾ ಸಂಸ್ಥೆ 2025ರ ಹೊತ್ತಿಗೆ ತನ್ನ ಸಾಂಪ್ರದಾಯಿಕ ಕಾಗದದ ನಕ್ಷೆಗಳಿಗೆ ವಿದಾಯ ಹೇಳಿತು. ಬ್ರಿಟನ್ನಿನ ಹೈಡ್ರೋಗ್ರಾಫಿಕ್ ಆಫೀಸ್ 2026ರ ಕೊನೆಗೆ ನಿಲ್ಲಿಸುತ್ತೇನೆಂದು ಹೇಳಿ, ಆಕ್ಷೇಪ ಬಂದ ಮೇಲೆ 2030ರವರೆಗಾದರೂ ಇರಲಿ ಎಂದು ಮುಂದೂಡಿತು. ಕಾಗದಕ್ಕಾಗಿ ಕಣ್ಣೀರು ಹಾಕುವ ಪೈಕಿ ನಾನಲ್ಲ. ಒದ್ದೆಯಾಗುತ್ತದೆ, ಹರಿಯುತ್ತದೆ, ತಿದ್ದುಪಡಿಗಳನ್ನು ಕೈಯಲ್ಲೇ ಬರೆಯಬೇಕು. ಅದು ಮಾಡುತ್ತಿದ್ದ ಒಂದು ಉಪಕಾರವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ: ಅದು ಮೇಜಿನ ಮೇಲೆ ಅಗಲವಾಗಿ ಹರಡಿ ಬಿದ್ದಿರುತ್ತಿತ್ತು. ಚಹಾ ಲೋಟ ಹಿಡಿದು ಹಾದುಹೋದವನೂ ಬಗ್ಗಿ ನೋಡುತ್ತಿದ್ದ.

ವೆಸ್ಟಾಸ್ ವಿಂಡ್ ಹಡಗನ್ನು ದಿಬ್ಬದಿಂದ ಎತ್ತಿ, ಇಟಲಿಗೆ ಸಾಗಿಸಿ, ಹೆಚ್ಚುಕಡಿಮೆ ಹೊಸದಾಗಿ ಕಟ್ಟಿದರು. 2015ರ ಜೂನ್‌ನಲ್ಲಿ ಲಿಸ್ಬನ್‌ನಿಂದ ಅದು ಮತ್ತೆ ರೇಸಿಗಿಳಿಯಿತು.

ಈ ಕಥೆಯನ್ನು ಒಮ್ಮೆ ಮಲ್ಪೆಯಲ್ಲಿ ಮೀನುಗಾರಿಕೆ ದೋಣಿಯ ಒಬ್ಬ ತಂಡೇಲರಿಗೆ ಹೇಳಿದೆ. ಬಲೆ ಹೊಲಿಯುತ್ತಲೇ ಕೇಳಿದರು. ನಿಮ್ಮ ಜಿಪಿಎಸ್‌ನಲ್ಲಿ ಎಲ್ಲ ಕಲ್ಲೂ ಕಾಣುತ್ತದೆಯೇ ಎಂದೆ. “ಎಲ್ಲ ಎಲ್ಲಿ ಕಾಣ್ತದೆ ಮಾರಾಯ್ರೆ! ಬಲೆ ಹರಿಯುವ ಒಂದೆರಡು ಕಲ್ಲಿನ ಲೆಕ್ಕ ನಮ್ಮ ಬಾವನ ತಲೆಯಲ್ಲಿ ಮಾತ್ರ ಉಂಟು” ಅಂದರು. ಬಾವ ಬರದ ದಿನ? “ಆ ಬದಿಗೆ ಹೋಗುವುದೇ ಇಲ್ಲ.”