ಸಿಸ್ಟರ್ ರೊಸೆಟ್ಟಾಗೆ ಅಜ್ಜಿಯ ಪಟ್ಟ ಬೇಡ

ಸಿಸ್ಟರ್ ರೊಸೆಟ್ಟಾ ಥಾರ್ಪ್ ಹೆಸರೆತ್ತಿದರೆ ಸಾಕು, ‘ರಾಕ್ ಅಂಡ್ ರೋಲ್‌ನ ಗಾಡ್‌ಮದರ್’ ಎಂಬ ಬಿರುದು ಹಿಂದೆಯೇ ಬಂದು ನಿಲ್ಲುತ್ತದೆ. ಕೇಳಿ ಕೇಳಿ ನನಗೆ ರೇಜಿಗೆ ಹಿಡಿದಿದೆ. ಮುಂದೆ ಎಲ್ವಿಸ್ ಪ್ರೀಸ್ಲಿ, ಚಕ್ ಬೆರಿ ಬರಲಿ ಎಂದೇ ಈಕೆ ಗಿಟಾರ್ ಹಿಡಿದಳೇನೋ ಎಂಬಂತೆ ಬರೆಯುತ್ತಾರೆ. ಇದಕ್ಕೆ ಅಂಟಿಕೊಂಡೇ ಇನ್ನೊಂದು ತೀರ್ಪು: ಲಕಿ ಮಿಲಿಂಡರ್‌ನ ಬಿಗ್ ಬ್ಯಾಂಡಿನಲ್ಲಿ ಕಳೆದ ವರ್ಷಗಳು ಕಾಸಿಗಾಗಿ ಹಿಡಿದ ಅಡ್ಡದಾರಿ. ಆಕೆಯ ಅತ್ಯುತ್ತಮ ಸಂಗೀತ ಸಿಗುವುದೇ ಆ ಅಡ್ಡದಾರಿಯಲ್ಲಿ ಎಂಬುದು ನನ್ನ ವಾದ.

1915ರಲ್ಲಿ ಅರ್ಕನ್ಸಾಸಿನ ಕಾಟನ್ ಪ್ಲಾಂಟ್‌ನಲ್ಲಿ ಹುಟ್ಟಿದ ಹುಡುಗಿ. ತಾಯಿ ಕೇಟಿ ಬೆಲ್ ಮ್ಯಾಂಡೊಲಿನ್ ನುಡಿಸುತ್ತಾ ಊರೂರು ಸುತ್ತಿ ಧರ್ಮಬೋಧನೆ ಮಾಡುತ್ತಿದ್ದವಳು. ಅವರ ಚರ್ಚಿನಲ್ಲಿ ದೇವರನ್ನು ಕೂಗಿ, ಕುಣಿದು, ಚಪ್ಪಾಳೆ ತಟ್ಟಿ ಸ್ತುತಿಸುವುದೇ ಪದ್ಧತಿ. ಹಾಗಾಗಿ ರೊಸೆಟ್ಟಾಳ ಲಯ ನೈಟ್‌ಕ್ಲಬ್ಬಿನಿಂದ ಬಂದದ್ದಲ್ಲ, ನೈಟ್‌ಕ್ಲಬ್ಬಿಗೆ ಹೋದದ್ದು. 1938ರಲ್ಲಿ ನ್ಯೂಯಾರ್ಕಿನ ಕಾಟನ್ ಕ್ಲಬ್, ಡೆಕ್ಕಾ ಕಂಪನಿಯ ಧ್ವನಿಮುದ್ರಣ, ಡಿಸೆಂಬರ್ 23ಕ್ಕೆ ಕಾರ್ನೆಗಿ ಹಾಲ್: ಎಲ್ಲವೂ ಕೆಲವೇ ತಿಂಗಳಲ್ಲಿ. ಚರ್ಚಿನವರು ಕೆರಳಿದರು.

ಈಗ ‘ದಟ್ಸ್ ಆಲ್’ ಹಾಡಿಗೆ ಬನ್ನಿ. 1938ರಲ್ಲಿ ಆಕೆ ಅದನ್ನು ಒಬ್ಬಳೇ ಹಾಡಿದಳು. ಅಲ್ಲಿ ಗಿಟಾರಿಗೆ ಮೈತುಂಬ ಕೆಲಸ: ತಾಳ ಹಿಡಿಯಬೇಕು, ಮಂದ್ರದ ತಂತಿ ನೋಡಿಕೊಳ್ಳಬೇಕು, ಹಾಡಿನ ಸಾಲಿಗೆ ಉತ್ತರವನ್ನೂ ಕೊಡಬೇಕು. 1941ರಲ್ಲಿ ಅದೇ ಹಾಡು ಮಿಲಿಂಡರ್‌ನ ಬ್ಯಾಂಡಿನೊಂದಿಗೆ. ತಾಳದ ಹೊರೆ ಈಗ ಡ್ರಮ್ಮು, ಬಾಸುಗಳ ಪಾಲು. ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್. ಎದೆಯೊಡ್ಡಿ ನಿಂತ ಟ್ರಂಪೆಟ್ಟು, ಸ್ಯಾಕ್ಸೋಫೋನುಗಳ ಎದುರು ಅದು ಒಂಟಿ ತಂತಿಯಲ್ಲಿ ಮಾತಾಡತೊಡಗುತ್ತದೆ. ಚರ್ಚಿನಲ್ಲಿ ಬೋಧಕ ಕೂಗಿದಾಗ ಸಭೆ ಓಗೊಡುತ್ತದಲ್ಲ, ಇಲ್ಲಿ ಬ್ಯಾಂಡೇ ಆ ಸಭೆ. ಇದನ್ನು ರಾಜಿ ಎನ್ನುವವರ ಕಿವಿಯ ಬಗ್ಗೆ ನನಗೆ ಅನುಮಾನವಿದೆ.

ಆಗಿನ ಬಿಗ್ ಬ್ಯಾಂಡಿನಲ್ಲಿ ಗಿಟಾರಿನ ಗತಿ ಏನಿತ್ತು? ಕೌಂಟ್ ಬೇಸಿಯ ಬ್ಯಾಂಡಿನ ಫ್ರೆಡ್ಡಿ ಗ್ರೀನ್ 1937ರಿಂದ ನಾಲ್ಕು ಏಟು ಹೊಡೆಯುತ್ತಾ ಹಿಂದೆ ಕೂತ. ಗಿಟಾರಿನಲ್ಲಿ ಚಾರ್ಲಿ ಕ್ರಿಶ್ಚಿಯನ್ ಅದ್ಭುತ, ಆದರೆ ಹಾಡಲಿಲ್ಲ. ಗಾಯಕಿಯರಾದ ಎಲ್ಲಾ ಫಿಟ್ಜೆರಾಲ್ಡ್, ಬಿಲ್ಲಿ ಹಾಲಿಡೇ ಮೈಕಿನ ಮುಂದೆ ನಿಂತರು, ಅವರ ಕೈಯಲ್ಲಿ ವಾದ್ಯವಿರಲಿಲ್ಲ. ಹಾಡು, ಗಿಟಾರು ಎರಡನ್ನೂ ಬ್ಯಾಂಡಿನ ನಡುಮಧ್ಯಕ್ಕೆ ತಂದ ರೊಸೆಟ್ಟಾಗೆ ಜಾಝ್ ಚರಿತ್ರೆಕಾರರು ಕೊಟ್ಟದ್ದು ಅರ್ಧ ಪ್ಯಾರಾ.

ಮಿಲಿಂಡರ್ ಬ್ಯಾಂಡಿನೊಂದಿಗೆ ಹಾಡಿದ ‘ಟಾಲ್ ಸ್ಕಿನ್ನಿ ಪಾಪಾ’ ಪೋಲಿ ಹಾಡು, ಒಪ್ಪಿದೆ. ಆಕೆಗೂ ಅದು ಹಿಡಿಸಲಿಲ್ಲವಂತೆ. ಇರಲಿ, ನನಗೆ ಹಿಡಿಸುತ್ತದೆ. 1944ರ ‘ಸ್ಟ್ರೇಂಜ್ ಥಿಂಗ್ಸ್’ ಹಾಡನ್ನು ರಾಕ್‌ನ ಮೊದಲ ಹಾಡೆಂದು ಮೆರೆಸುವವರು ಮೆರೆಸಲಿ. ಚೊಕ್ಕ ಹಾಡು, ಆದರೆ ಹಿಂದೆ ಒಂದು ಪಿಯಾನೊ ತಂಡವಷ್ಟೇ. ನನಗೆ ಹಿತ್ತಾಳೆಯ ಆ ಗದ್ದಲ ಬೇಕು.

ಈಗ ಎಲ್ಲರ ಫೋನಿನಲ್ಲೂ ಓಡುವುದು 1964ರ ಮ್ಯಾಂಚೆಸ್ಟರ್ ವಿಡಿಯೊ. ಗ್ರಾನಡಾ ಟೀವಿಯವರು ಮುಚ್ಚಿಹೋಗಿದ್ದ ವಿಲ್ಬ್ರಹಾಂ ರೋಡ್ ಸ್ಟೇಷನ್ನನ್ನು ಅಮೆರಿಕದ ದಕ್ಷಿಣದ ಹಳ್ಳಿ ನಿಲ್ದಾಣದಂತೆ ಸಿಂಗರಿಸಿದರು. ಆಕೆಯನ್ನು ಕುದುರೆಗಾಡಿಯಲ್ಲಿ ಕರೆತಂದರು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಬಿಳಿಯ ಹುಡುಗ ಹುಡುಗಿಯರು. ಮಳೆ ಬಿದ್ದಿತ್ತು. ಆಕೆ ಕೋಟು ತೊಟ್ಟು, ಬಿಳಿ ಗಿಬ್ಸನ್ ಗಿಟಾರ್ ಏರಿಸಿ, ಮಳೆಯ ಹಾಡನ್ನೇ ಹಾಡಿದಳು. ಹಾಡುಗಾರಿಕೆಯಲ್ಲಿ ಕೊರತೆಯಿಲ್ಲ, ನನ್ನ ತಕರಾರು ಆ ಸೆಟ್ಟಿನ ಮೇಲೆ. 1951ರಲ್ಲಿ ವಾಷಿಂಗ್ಟನ್ನಿನ ಗ್ರಿಫಿತ್ ಸ್ಟೇಡಿಯಮ್ಮಿನಲ್ಲಿ ಟಿಕೆಟ್ ಮಾರಿ ಸಾವಿರಾರು ಜನರೆದುರು ಮದುವೆಯಾದ ತಾರೆಯನ್ನು ಹಳ್ಳಿ ಹೆಂಗಸಾಗಿ ತೋರಿಸಬೇಕೆಂಬ ಹಟ ಯಾರದು?

ಶುದ್ಧತೆಯ ಹುಚ್ಚು ಹಿಡಿದವರದು. ಬಡತನ ಇದ್ದರೆ ಅಸಲಿ, ಮಿಂಚುವ ಗೌನು ತೊಟ್ಟರೆ ನಕಲಿ. ಕಪ್ಪು ಕಲಾವಿದೆ ಬೇರಾಗಿಯೇ ಇರಬೇಕು, ಹೂವು ಹಣ್ಣೆಲ್ಲ ಬೇರೆಯವರಿಗೆ. ಚರ್ಚು ಆಕೆಯನ್ನು ಪಾಪಿ ಎಂದಿತು, ಜಾಝ್ ಪಂಡಿತರು ಜನಪ್ರಿಯಳೆಂದು ಮೂಗು ಮುರಿದರು, ರಾಕ್‌ನವರು ಪೂರ್ವಜಳೆಂದು ಫೋಟೋ ತೂಗುಹಾಕಿದರು. ಈ ಮೂವರಲ್ಲಿ ಚರ್ಚೊಂದೇ ಆಕೆಯ ಸಂಗೀತವನ್ನು ಗಂಭೀರವಾಗಿ ತೆಗೆದುಕೊಂಡದ್ದು.

1973ರಲ್ಲಿ ಫಿಲಡೆಲ್ಫಿಯಾದಲ್ಲಿ ಆಕೆ ತೀರಿಕೊಂಡಳು. ದಶಕಗಳ ಕಾಲ ಸಮಾಧಿಗೆ ಕಲ್ಲೂ ಇರಲಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1986ರ ಮೊದಲ ಪಟ್ಟಿಯಲ್ಲೇ ಎಲ್ವಿಸ್‌ನನ್ನು ಕಲಾವಿದನೆಂದು ಸೇರಿಸಿಕೊಂಡಿತು. ರೊಸೆಟ್ಟಾಳನ್ನು ಸೇರಿಸಿದ್ದು 2018ರಲ್ಲಿ, ಅದೂ ‘ಆರಂಭಿಕ ಪ್ರಭಾವ’ ಎಂಬ ವಿಭಾಗದಲ್ಲಿ.