ಲಾಠಿ ಮತ್ತು ಪೈಪು

ಕ್ಯಾಲಿಫೋರ್ನಿಯಾದ ಚುಲಾ ವಿಸ್ಟಾದಲ್ಲಿ 2014ರ ಫೆಬ್ರವರಿಯಲ್ಲಿ ಹೆದ್ದಾರಿ ಮೇಲೆ ಕಾರೊಂದು ಪಲ್ಟಿಯಾಯಿತು. ಗಾಯಾಳುಗಳನ್ನು ನೋಡಿಕೊಳ್ಳೋಕೆ ಬಂದಿದ್ದ ಅಗ್ನಿಶಾಮಕ ಸಿಬ್ಬಂದಿಯೊಬ್ಬನಿಗೆ ಹೆದ್ದಾರಿ ಪೊಲೀಸ್ ಅಧಿಕಾರಿ 'ಗಾಡಿ ತೆಗೀರಿ' ಅಂದ. ಇವನು ತೆಗೆಯಲಿಲ್ಲ. ಟಿವಿ ಕ್ಯಾಮೆರಾ ಮುಂದೆಯೇ ಕೈಗೆ ಕೋಳ ಬಿತ್ತು. ಹಿಂದಿನಿಂದ ಬರುವ ವಾಹನ ಗುದ್ದದಿರಲಿ ಅಂತ ಗಾಡಿ ಅಡ್ಡ ನಿಲ್ಲಿಸುವುದು ಒಬ್ಬರ ತರಬೇತಿ, ರಸ್ತೆ ಬೇಗ ತೆರವಾಗಲಿ ಅನ್ನುವುದು ಇನ್ನೊಬ್ಬರದು. ಇಬ್ಬರೂ ತಂತಮ್ಮ ಪಾಠ ಸರಿಯಾಗಿಯೇ ಕಲಿತಿದ್ದರು.

'ನಮ್ಮಲ್ಲಿ ಹಿಂಗೆಲ್ಲ ಆಗಲ್ಲಪ್ಪ' ಅನ್ನಬಹುದು. ನಿಜ, ಆಗಲ್ಲ. ಕರ್ನಾಟಕದಲ್ಲಿ ಎರಡೂ ಗೃಹ ಇಲಾಖೆಯ ಕೆಳಗೇ ಬರುತ್ತವೆ. ಅಗ್ನಿಶಾಮಕ ಇಲಾಖೆಯ ಮೇಲಿನ ಕುರ್ಚಿಯಲ್ಲಿ ಕೂರುವವರೂ ಐಪಿಎಸ್ ಅಧಿಕಾರಿಯೇ. ಬಟ್ಟೆಯೂ ಖಾಕಿ. ಮನೆ ಯಜಮಾನ ಒಬ್ಬನೇ ಆದರೆ ಅಣ್ಣತಮ್ಮಂದಿರ ಜಗಳ ಬೀದಿಗೆ ಕೇಳಿಸಲ್ಲ. ಕೇಳಿಸಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಜಗಳವಾಗಬೇಕಾದ ಕಡೆ ನಮ್ಮಲ್ಲಿ ಒಬ್ಬರು ಸುಮ್ಮನಾಗುತ್ತಾರೆ. ಸಾಮಾನ್ಯವಾಗಿ ಪೈಪು ಹಿಡಿದವರು.

ಕಾನೂನು ಅವರನ್ನು ಸುಮ್ಮನಿರಿ ಅಂದಿಲ್ಲ ಅನ್ನೋದೇ ತಮಾಷೆ. 1964ರ ಅಗ್ನಿಶಾಮಕ ದಳದ ಕಾಯ್ದೆ ಸ್ಥಳದಲ್ಲಿ ಕಾರ್ಯಾಚರಣೆ ನಡೆಸುವವರಿಗೆ ದೊಡ್ಡ ಅಧಿಕಾರ ಕೊಟ್ಟಿದೆ: ಅಡ್ಡಿಯಾಗುವವರನ್ನು ಆಚೆ ಕಳಿಸಬಹುದು, ರಸ್ತೆ ಮುಚ್ಚಬಹುದು, ಬಾಗಿಲು ಗೋಡೆ ಒಡೆಯಬಹುದು. ಆದರೆ ಆ ಕಾಯ್ದೆಯ ಮನಸ್ಸೆಲ್ಲ ಬೆಂಕಿಯ ಮೇಲೆ. ಗುಡ್ಡ ಕುಸಿದರೆ, ಬಸ್ಸು ಪ್ರಪಾತಕ್ಕೆ ಬಿದ್ದರೆ? ಇಲಾಖೆಯ ಹೆಸರಿಗೆ 'ತುರ್ತು ಸೇವೆ' ಸೇರಿದೆ, ಕೆಲಸವೂ ಸೇರಿದೆ; ಅಧಿಕಾರ ಅದೇ ವೇಗದಲ್ಲಿ ಹಿಂದೆ ಬಂದಂತೆ ಕಾಣಲ್ಲ. ವಿಪತ್ತು ಅಂತಾದರೆ 2005ರ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಯೇ ದೊಡ್ಡವರು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ತಂದ ಮಾರ್ಗಸೂಚಿಯಲ್ಲಿ ಘಟನಾ ಸ್ಥಳಕ್ಕೆ ಒಬ್ಬ 'ಇನ್ಸಿಡೆಂಟ್ ಕಮಾಂಡರ್' ಇರಬೇಕು. ತಾಲ್ಲೂಕು ಮಟ್ಟದ ತಂಡಕ್ಕೆ ತಹಶೀಲ್ದಾರರ ನೇತೃತ್ವ. ಕ್ಯಾಲಿಫೋರ್ನಿಯಾದ 1970ರ ಕಾಡ್ಗಿಚ್ಚಿನ ಗೊಂದಲದಿಂದ ಹುಟ್ಟಿದ ವ್ಯವಸ್ಥೆಯನ್ನು ನಮಗೆ ಹೊಂದಿಸಿಕೊಂಡದ್ದು. ಓದೋಕೆ ಚೆನ್ನಾಗಿದೆ. ಡಬ್ಬಿ, ಬಾಣ, ಅದರ ಕೆಳಗೆ ಇನ್ನೊಂದು ಡಬ್ಬಿ. ಆಫೀಸಿನಲ್ಲಿ ಆರ್ಗ್ ಚಾರ್ಟ್ ನೋಡಿದವರಿಗೆ ಹೊಸದೇನಲ್ಲ.

ಈ ಚಾರ್ಟನ್ನು ಬಾಳೂರಿಗೆ ತನ್ನಿ. ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವಾಗ ಸಿಗುವ ಊರು. ಪೊಲೀಸ್ ಠಾಣೆ ಅಲ್ಲೇ ಇದೆ. ಬೆಂಕಿ ಗಾಡಿ ಮೂಡಿಗೆರೆಯಿಂದ ಬರಬೇಕು, ತಹಶೀಲ್ದಾರರೂ ಅಲ್ಲಿಂದಲೇ. ಅಂದರೆ ಮೊದಲು ಮುಟ್ಟುವವರು ಪೊಲೀಸರು. ಅಲ್ಲ, ತಪ್ಪು ಹೇಳಿದೆ. ಮೊದಲು ಮುಟ್ಟುವವರು ಪಕ್ಕದ ತೋಟದವರು: ಮರ ಕೊಯ್ಯೋ ಮಿಷನ್, ಹಗ್ಗ, ಜೀಪು ಹಿಡಕೊಂಡು. 2019ರ ಆಗಸ್ಟ್ ಮಳೆಯಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿ ಮನೆ ತೋಟ ಕೊಚ್ಚಿಹೋದಾಗ, ಚಾರ್ಮಾಡಿ ಘಾಟಿ ಬಂದ್ ಆದಾಗ, ರಸ್ತೆಯೇ ಇಲ್ಲದ ಕಡೆ ಯಾವ ಕಮಾಂಡರ್ ಎಷ್ಟು ಹೊತ್ತಿಗೆ ತಲುಪಿಯಾರು?

ಒಂದು ತಂಡ ಹೊರಟು ಇನ್ನೊಂದು ತಲುಪುವವರೆಗಿನ ಆ ಒಂದೆರಡು ಗಂಟೆಯೇ ನನ್ನ ತಕರಾರು. ಘಾಟಿಯ ತಿರುವಿನಲ್ಲಿ ಟ್ಯಾಂಕರ್ ಮಗುಚಿದೆ ಅನ್ನಿ. ಎರಡೂ ಕಡೆ ಧರ್ಮಸ್ಥಳದ ಬಸ್ಸುಗಳು, ಮಂಗಳೂರು ಆಸ್ಪತ್ರೆಗೆ ಹೊರಟ ಆಂಬುಲೆನ್ಸ್. ಒಂದು ಬದಿ ಬಿಟ್ಟುಬಿಡಿ ಅಂತ ಪೊಲೀಸರ ಮೇಲೆ ಒತ್ತಡ, ಅದೂ ನ್ಯಾಯವೇ. ಆಮೇಲೆ ಬಂದ ಅಗ್ನಿಶಾಮಕ ಅಧಿಕಾರಿ, ಸೋರಿದೆ, ಒಂದು ಸ್ಕೂಟರೂ ಬೇಡ ಅಂತಾರೆ. ಜನ ಯಾರ ಮಾತು ಕೇಳ್ತಾರೆ? ಸೀಟಿ ಊದುವವರದ್ದು. ಕೇಸು ಹಾಕೋ ಕೈ ಅದು. ಹಾಗಾಗಿ ಪೊಲೀಸರು ಒಪ್ಪಿದರಷ್ಟೇ ರಸ್ತೆ ಮುಚ್ಚುತ್ತದೆ. ಒಪ್ಪಿಸುವುದಕ್ಕೆ ಹೋಗುವ ಐದು ನಿಮಿಷದ ಲೆಕ್ಕ ಯಾವ ವರದಿಯಲ್ಲೂ ಬರಲ್ಲ.

ಬೆಂಗಳೂರಿನವರಿಗೆ ಇದು ಮಲೆನಾಡಿನ ಗೋಳು ಅನಿಸಬಹುದು. ಮಾರ್ಗಸೂಚಿ ಬಂದ ವರ್ಷವೇ, ಫೆಬ್ರವರಿ 23ರಂದು, ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅದರಲ್ಲಿದ್ದರು. ಆಮೇಲೆ ನಾವೆಲ್ಲ ಮಾತಾಡಿದ್ದು ಮೆಟ್ಟಿಲು, ಎನ್‌ಒಸಿ, ಬೀಗದ ಬಗ್ಗೆ. ಮಾತಾಡಲೇಬೇಕಿತ್ತು. ಕೆಳಗಿನ ರಸ್ತೆ ಯಾರ ಕೈಲಿರಬೇಕು ಅಂತ ಕೇಳಿದ್ದು ನನಗಂತೂ ನೆನಪಿಲ್ಲ.

ನ್ಯೂಯಾರ್ಕ್ ಈ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. 2001ರ ಸೆಪ್ಟೆಂಬರ್ 11ರಂದು ಪೊಲೀಸ್ ಹೆಲಿಕಾಪ್ಟರ್‌ನವರಿಗೆ ಎರಡನೇ ಗೋಪುರವೂ ಬೀಳೋ ಹಾಗಿರುವುದು ಮೇಲಿನಿಂದ ಕಂಡಿತ್ತು. ಆ ಮಾತು ಅಗ್ನಿಶಾಮಕದ ಮುಖ್ಯಸ್ಥರಿಗೆ ಮುಟ್ಟಲಿಲ್ಲ, ರೇಡಿಯೊ ಬೇರೆ ಬೇರೆ. ಅವತ್ತು ಸತ್ತ ಅಗ್ನಿಶಾಮಕ ಸಿಬ್ಬಂದಿ 343. ಆಮೇಲೆ 2005ರಲ್ಲಿ ಯಾರು ಎಲ್ಲಿ ಮುಂದೆ ಅಂತ ನಗರವೇ ಬರೆದಿಟ್ಟಿತು. ವಿಷಕಾರಿ ವಸ್ತುಗಳ ವಿಷಯದಲ್ಲಿ ಪೊಲೀಸರಿಗೆ ಮೊದಲ ಸ್ಥಾನ ಕೊಟ್ಟದ್ದಕ್ಕೆ ಅಗ್ನಿಶಾಮಕದವರು ಬಹಿರಂಗವಾಗಿಯೇ ಸಿಟ್ಟಾದರು. ಆಗಲಿ ಬಿಡಿ, ಬರೆದಿದ್ದಕ್ಕಲ್ಲವೇ ಸಿಟ್ಟಾಗಲು ಸಾಧ್ಯವಾದದ್ದು.

ಈಗ 112ಕ್ಕೆ ಒತ್ತಿದರೆ ಪೊಲೀಸ್, ಅಗ್ನಿಶಾಮಕ ಎರಡಕ್ಕೂ ಒಂದೇ ನಂಬರು. ಫೋನ್ ಎತ್ತಿದವರು 'ಎಲ್ಲಿ, ಏನಾಗಿದೆ' ಅಂತ ಕೇಳಿ ಗಾಡಿ ಕಳಿಸ್ತಾರೆ. ಎರಡು ಗಾಡಿ ಒಂದೇ ತಿರುವಿಗೆ ಬಂದು ನಿಂತ ಮೇಲೆ ಕೇಳೋಕೆ ಅಲ್ಲೊಂದು ನಂಬರಿಲ್ಲ. ಮುಂದಿನ ಮಳೆಗಾಲದ ಅಣಕು ಕಾರ್ಯಾಚರಣೆಯನ್ನು ಮೈದಾನದಲ್ಲಿ ಬಾವುಟ ನೆಟ್ಟು ಮಾಡುವ ಬದಲು, ತಹಶೀಲ್ದಾರರು ಇನ್ನೂ ದಾರಿಯಲ್ಲಿದ್ದಾರೆ ಅಂದುಕೊಂಡು, ಬಾಳೂರು ಠಾಣೆಯವರನ್ನೂ ಮೂಡಿಗೆರೆಯ ಬೆಂಕಿ ಗಾಡಿಯವರನ್ನೂ ಮಿಷನ್ ಹಿಡಿದ ತೋಟದವರನ್ನೂ ಕೊಟ್ಟಿಗೆಹಾರದ ಒಂದು ತಿರುವಿನಲ್ಲಿ ನಿಲ್ಲಿಸಿ ಮಾಡಿನೋಡಲಿ.